ನೂರಕ್ಕೆ ನಲವತ್ತೊಂದು

ನಮ್ಮ ಅತ್ತೆ ಸಂಜೆ ಐದೂವರೆಗೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತರೆ, ಮಾವ ಒಂದು ಬಟ್ಟಲು ಕಾಫಿ ತಂದು ಅವಳ ಮುಂದೆ ಇಡುತ್ತಿದ್ದರು. ಇಟ್ಟು ಹೋಗುತ್ತಿರಲಿಲ್ಲ. ಒಲೆಯ ಕಟ್ಟೆಗೆ ಒರಗಿ, ಫಲಿತಾಂಶಕ್ಕೆ ಕಾಯುವವರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಅತ್ತೆ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೆರೆದು, ಮಾರ್ಕ್ಸು ಹೇಳುತ್ತಿದ್ದಳು.

"ಮೂವತ್ತೆಂಟು."

"ನಿನ್ನೆ ನಲವತ್ತಿತ್ತಲ್ಲೇ!"

"ನಿನ್ನೆ ಹಾಲನ್ನ ಸುಮ್ಮನೆ ಬಿಟ್ಟಿದ್ರಿ. ಇವತ್ತು ಪಾಪ, ಆ ಹಾಲು ನಿಮಗೆ ಏನು ಮಾಡಿತ್ತೋ, ಹಾಗೆ ಕುದಿಸಿದ್ದೀರ."

ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಮಾವನ ಕಾಫಿಗೆ ನ್ಯಾಯವಾಗಿ ಬಂದ ಅತಿ ಹೆಚ್ಚಿನ ಮಾರ್ಕ್ಸು ನೂರಕ್ಕೆ ನಲವತ್ತೊಂದು. ಅದು ಒಂದೇ ಸಲ. ಆ ದಿನ ತಾನು ಏನು ಬೇರೆ ಮಾಡಿದ್ದೆ ಎಂದು ಮಾವನಿಗೆ ಎಷ್ಟು ಯೋಚಿಸಿದರೂ ನೆನಪಾಗಿಲ್ಲ. ಅವರು ಶಾಲೆಯ ವ್ಯಾನ್ ಓಡಿಸುತ್ತಾರೆ. ಮಕ್ಕಳನ್ನೆಲ್ಲ ಮನೆಗೆ ಬಿಟ್ಟು ನಾಲ್ಕೂವರೆಗೆ ಬಂದವರು, ಒಂದು ಗಂಟೆ ಮೊದಲೇ ಪಾತ್ರೆ ತೊಳೆದು ಇಟ್ಟುಕೊಳ್ಳುತ್ತಿದ್ದರು.

ನಾನು ಎಂಟನೇ ವಯಸ್ಸಿನಿಂದ ಇವರ ಮನೆಯಲ್ಲೇ ಇದ್ದೇನೆ. ಮನೆಯಲ್ಲಿ ನಡೆದದ್ದನ್ನು ನಾನೇ ನೋಡಿದ್ದೇನೆ. ಕಾರ್ಖಾನೆಯಲ್ಲಿ ನಡೆದದ್ದನ್ನು ಅತ್ತೆ ಹೇಳಿದಳು, ಆಮೇಲೆ ಅಲ್ಲಿ ಕಪ್ಪು ತೊಳೆಯುವ ಅಕ್ಕ ಹೇಳಿದರು. ಇಬ್ಬರ ಮಾತೂ ಹೊಂದದ್ದನ್ನು ಬಿಟ್ಟಿದ್ದೇನೆ.

ಅತ್ತೆಯ ಕೆಲಸವೇ ಕಾಫಿಗೆ ಮಾರ್ಕ್ಸು ಹಾಕುವುದು. ಊರಾಚೆ ಒಂದು ಕಾಫಿ ಕಾರ್ಖಾನೆ ಇದೆ. ಬೀಜ ಗೋಣಿಚೀಲದಲ್ಲಿ ಬರುತ್ತದೆ, ಅದನ್ನು ಆರಿಸಿ, ಹುರಿದು, ದೊಡ್ಡ ಕಂಪನಿಗಳಿಗೆ ಕಳಿಸುತ್ತಾರೆ. ಒಟ್ಟಿಗೆ ಬಂದ ಚೀಲಗಳೆಲ್ಲ ಒಂದು ಲಾಟು. ಯಾವ ಲಾಟು ಹೋಗಬಹುದು, ಯಾವುದು ಹೋಗಬಾರದು ಎಂದು ಹೇಳುವವರು ಇಬ್ಬರೇ. ಒಬ್ಬಳು ಅತ್ತೆ. ಇನ್ನೊಬ್ಬರು ಅವಳಿಗೆ ಕೆಲಸ ಕಲಿಸಿದ ಹಿರಿಯರು. ಕಾಫಿಯನ್ನು ಚಮಚದಲ್ಲಿ ತೆಗೆದು, ಗಾಳಿಯ ಜೊತೆ ಜೋರಾಗಿ ಎಳೆದು, ಬಾಯಿತುಂಬ ಹರಡಿ, ಆಮೇಲೆ ಉಗಿಯಬೇಕು. ಹಾಗೆ ಎಳೆಯುವಾಗ ಆ ಹಿರಿಯರಷ್ಟು ಸದ್ದು ಮಾಡುವವರು ಇನ್ನೊಬ್ಬರಿಲ್ಲ, ಅದಕ್ಕೆ ಇಡೀ ಕಾರ್ಖಾನೆಗೆ ಅವರು ಸುರ್ರಪ್ಪ. ಎದುರಿಗೆ ಸರ್. ಅತ್ತೆಗೆ ಅಲ್ಲಿ ನಾಲಿಗೆಯಕ್ಕ ಎಂದು ಹೆಸರು.

ಟೇಸ್ಟಿಂಗ್ ರೂಮಿಗೆ ಕಿಟಕಿಯಿಲ್ಲ. ಹೊರಗಿನ ವಾಸನೆ ಒಳಗೆ ಬರಬಾರದೆಂದು ಒಂದರ ಹಿಂದೆ ಒಂದು ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದನ್ನು ತೆಗೆಯಬೇಕು. ಒಳಗೆ ಹೋಗುವವರು ಪೌಡರ್ ಹಾಕಬಾರದು, ಹೂ ಮುಡಿಯಬಾರದು, ವಾಸನೆ ಸೋಪು ಹಚ್ಚಬಾರದು, ಬೆಳಗ್ಗೆ ಈರುಳ್ಳಿ ಬೆಳ್ಳುಳ್ಳಿ ತಿನ್ನಬಾರದು. ಮನೆಯಲ್ಲಿ ಕಾಫಿ ಕೂಡ ಕುಡಿದು ಹೋಗಬಾರದು. ಆದ್ದರಿಂದ ದಿನಕ್ಕೆ ನೂರು ಕಪ್ಪು ಕಾಫಿ ಬಾಯಿಗೆ ಹಾಕಿಕೊಂಡು ಉಗಿಯುವ ಅತ್ತೆ, ನಿಜವಾಗಿ ಗಂಟಲಿಗೆ ಇಳಿಸುತ್ತಿದ್ದ ಕಾಫಿ ಒಂದೇ, ಮಾವ ಕೊಡುವ ಸಂಜೆಯದ್ದು. ಅದನ್ನು ಅವಳು ಕುಡಿಯುತ್ತಿದ್ದ ಬಟ್ಟಲೂ ಕಾರ್ಖಾನೆಯದ್ದೇ. ಹಿಡಿಯಿಲ್ಲದ ಬಿಳಿ ಬಟ್ಟಲು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಡೆದಿದೆ. ಅಂಥದ್ದನ್ನು ಅಲ್ಲಿ ಎಸೆಯುತ್ತಾರೆ. ಕೆಲಸಕ್ಕೆ ಸೇರಿದ ವರ್ಷ ಕೇಳಿ ತಂದಿದ್ದಳಂತೆ. ಹಿಡಿಯಿಲ್ಲದ್ದರಿಂದ ಎರಡು ಕೈಯಲ್ಲೂ ಸುತ್ತಿ ಹಿಡಿಯಬೇಕು.

ಆ ರೂಮಿನಲ್ಲಿ ಒಂದು ನಿಯಮವಿದೆ. ಒಂದು ಲಾಟಿಗೆ ಐದು ಕಪ್ಪು, ದುಂಡು ಮೇಜಿನ ಸುತ್ತ ಸಾಲಾಗಿ ಇಡುತ್ತಾರೆ. ರುಚಿ ನೋಡುವಾಗ ಇಬ್ಬರೂ ಒಂದು ಮಾತೂ ಆಡುವಂತಿಲ್ಲ. ತಮ್ಮ ತಮ್ಮ ಹಾಳೆಯಲ್ಲಿ ಮಾರ್ಕ್ಸು ಬರೆದು ಬೋರಲು ಹಾಕಬೇಕು. ಎಲ್ಲ ಮುಗಿದ ಮೇಲೆ ಒಟ್ಟಿಗೆ ತಿರುಗಿಸಬೇಕು. ಇಬ್ಬರ ನಡುವೆ ಮೂರಕ್ಕಿಂತ ಹೆಚ್ಚು ಅಂತರ ಬಂದರೆ ಇನ್ನೊಂದು ಸಲ ಕಾಫಿ ಮಾಡಿ ಮತ್ತೆ ಕುಡಿಯಬೇಕು. ಮೊದಲೆಲ್ಲ ವಾರಕ್ಕೆ ಎರಡು ಸಲವಾದರೂ ಹಾಗಾಗುತ್ತಿತ್ತು. ಅತ್ತೆ ಮನೆಗೆ ಬಂದು, "ಇವತ್ತು ಸರ್ ಜೊತೆ ಜಗಳ, ಎರಡು ಸಲ ಕುಡಿಸಿದ್ರು" ಎಂದು ಖುಷಿಯಿಂದಲೇ ಹೇಳುತ್ತಿದ್ದಳು.

ಹೋದ ಚಳಿಗಾಲ ಅತ್ತೆಗೆ ಜ್ವರ ಬಂತು. ಆರು ದಿನ ಮಲಗಿದಳು. ಏಳನೇ ದಿನ ಎದ್ದು ಅಡುಗೆಗೆ ನಿಂತಿದ್ದಾಗ ಹಾಲು ಉಕ್ಕಿ, ತಳ ಹಿಡಿದು, ಸೀದು, ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗಿದರು. ನಾನು ಓಡಿ ಹೋಗಿ ನೋಡಿದರೆ ಅತ್ತೆ ಒಲೆಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಒಲೆ ಆರಿಸಿ, ಕಪ್ಪಾದ ಪಾತ್ರೆಗೆ ಮುಖ ಇಟ್ಟು ಮೂಸಿದಳು. ಆಮೇಲೆ ಕಾಫಿಪುಡಿಯ ಡಬ್ಬ ತೆಗೆದು ಮೂಸಿದಳು. ಡಬ್ಬವನ್ನು ಮುಚ್ಚಿ ಮತ್ತೆ ತೆಗೆದು ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಮಾವನಿಗೆ ಹೇಳಬೇಡ" ಎಂದಳು.

ಡಾಕ್ಟರು, "ಬರಬಹುದು, ಬರದೇನೂ ಇರಬಹುದು" ಎಂದರು. ಅತ್ತೆ ಒಬ್ಬಳೇ ಹೋಗಿ ಕೇಳಿಕೊಂಡು ಬಂದಳು.

ಸಿಹಿ ಗೊತ್ತಾಗುತ್ತಿತ್ತು, ಕಹಿ ಗೊತ್ತಾಗುತ್ತಿತ್ತು, ಹುಳಿ ಗೊತ್ತಾಗುತ್ತಿತ್ತು. ಕಾಫಿ ಗೊತ್ತಾಗುತ್ತಿರಲಿಲ್ಲ. "ಕಣ್ಣು ಮುಚ್ಚಿದ್ರೆ ಬಿಸಿನೀರಲ್ಲಿ ಮಾತ್ರೆ ಕರಗಿಸಿ ಕೊಟ್ಟ ಹಾಗಿರುತ್ತೆ" ಎಂದು ನನಗೆ ಹೇಳಿದಳು. ಆದರೂ ಕೆಲಸಕ್ಕೆ ಹೋದಳು. ಇವತ್ತು ಬರಬಹುದು, ನಾಳೆ ಬರಬಹುದು ಎಂದುಕೊಂಡು ಹೋದಳು. ಆ ಮೇಜಿನ ಮುಂದಿನ ಕುರ್ಚಿ ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ. ನಮ್ಮ ನೆಂಟರಲ್ಲಿ ಯಾರ ಮನೆಗೆ ಹೋದರೂ, "ಬಂದ್ಲಪ್ಪ ನಾಲಿಗೆಯಕ್ಕ, ಸರಿಯಾಗಿ ಮಾಡ್ರೇ ಕಾಫೀನ" ಎಂದು ಹೆದರಿಕೊಂಡು ನಗುತ್ತಾರೆ. ಅದೊಂದು ಹೋದರೆ ತಾನು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ.

ಮೊದಲ ದಿನ ಎದುರಿಗೆ ಕೂತ ಸುರ್ರಪ್ಪನವರ ಮುಖ ನೋಡಿದಳು. ಹತ್ತೊಂಬತ್ತು ವರ್ಷ ನೋಡಿದ ಮುಖ. ಕಾಫಿ ಹಿಡಿಸಿದರೆ ಅವರ ಎಡಹುಬ್ಬು ಸ್ವಲ್ಪ ಏಳುತ್ತದೆ. ಹಿಡಿಸದಿದ್ದರೆ ಚಮಚ ಬಲಗೈಯಿಂದ ಎಡಗೈಗೆ ಹೋಗುತ್ತದೆ. ಹುಬ್ಬು ನೋಡಿ ಎಂಬತ್ತೆರಡು ಬರೆದಳು. ತಿರುಗಿಸಿ ನೋಡಿದರೆ ಅವರದ್ದು ಎಂಬತ್ತೊಂದು. ಅವತ್ತು ಬಚಾವಾದಳು. ಮಾರನೆಯ ದಿನವೂ ಬಚಾವಾದಳು. ಎಂಟು ತಿಂಗಳು ಹಾಗೇ ನಡೆಯಿತು. ಒಂದೇ ಒಂದು ಸಲವೂ ಮೂರಕ್ಕಿಂತ ಹೆಚ್ಚು ಅಂತರ ಬರಲಿಲ್ಲ. ಮಾಲೀಕರು ಬಂದವರಿಗೆಲ್ಲ, "ನಮ್ಮಲ್ಲಿ ಇಬ್ಬರು, ಆದ್ರೆ ನಾಲಿಗೆ ಒಂದೇ ನೋಡಿ" ಎಂದು ಹೇಳತೊಡಗಿದರು.

ಒಂದು ಮಾತ್ರ ವಿಚಿತ್ರವಾಗಿತ್ತು. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಒಂದು ಸುತ್ತಿಗೆ ಒಂದು ಗಂಟೆ ಹಿಡಿಯತೊಡಗಿತು. ಅತ್ತೆ ಚಮಚ ಹಿಡಿದುಕೊಂಡು, "ನೀವು ಮೊದಲು ಸರ್" ಎನ್ನುತ್ತಿದ್ದಳು. ಅವರು, "ಇಲ್ಲ ತಂಗಿ, ನೀನು ತಗೋ" ಎನ್ನುತ್ತಿದ್ದರು. "ಹಿರಿಯರು ನೀವಿರುವಾಗ ನಾನಾ?" "ಕಿರಿಯರೇ ಮುಂದೆ ಬರ್ಬೇಕಮ್ಮ." ಅಷ್ಟರಲ್ಲಿ ಕಾಫಿ ಆರುತ್ತಿತ್ತು. ಕಪ್ಪು ತೊಳೆಯುವ ಅಕ್ಕ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತು, "ಏನ್ರೀ ಇದು, ನೆಂಟರ ಮನೆ ಊಟಾನಾ? ಬೇಗ ಕುಡೀರಿ, ನಾನು ತೊಳ್ದು ಮನೆಗೆ ಹೋಗ್ಬೇಕು" ಎಂದು ಗದರುತ್ತಿದ್ದರು. ಆ ಅಕ್ಕ ಹನ್ನೆರಡು ವರ್ಷದಿಂದ ಅಲ್ಲಿದ್ದಾರೆ. ಕಪ್ಪು ತೊಳೆಯುತ್ತಾ, "ಇದ್ಯಾಕೆ ಸೌದೆ ಹೊಗೆ ನಾರ್ತಿದೆ", "ಇದು ಪರ್ವಾಗಿಲ್ಲ, ಕಡ್ಲೆ ಹುರಿದ ಹಾಗಿದೆ" ಎಂದು ತಮ್ಮಷ್ಟಕ್ಕೆ ಗೊಣಗುವುದು ಅವರ ಅಭ್ಯಾಸ. ಅದು ಮಾರ್ಕ್ಸು ಹಾಕುವವರ ಮಾತಲ್ಲವಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ಅತ್ತೆಗೆ ಇನ್ನೂ ಕಷ್ಟವಾಗುತ್ತಿತ್ತು. ಮಾವನ ಮುಖ ನೋಡಿ ಮಾರ್ಕ್ಸು ಕೊಡುವ ಹಾಗಿರಲಿಲ್ಲ, ಅವರ ಮುಖದಲ್ಲಿ ಪ್ರತಿದಿನವೂ ನೂರಕ್ಕೆ ನೂರು ಇರುತ್ತಿತ್ತು. ಮೂವತ್ತೇಳು, ಮೂವತ್ತೊಂಬತ್ತು, ಮೂವತ್ತಾರು ಎಂದು ಅಂದಾಜಿನಲ್ಲಿ ಹೇಳುತ್ತಿದ್ದಳು. ಒಂದು ದಿನ, ಬಹುಶಃ ಮನಸ್ಸಿಗೆ ಬೇಜಾರಾಗಿತ್ತೋ ಏನೋ, ಮಾವನ ಮೇಲೆ ಕರುಣೆ ಬಂದು, "ಅರವತ್ತು" ಎಂದುಬಿಟ್ಟಳು.

ಮಾವ ಕಟ್ಟಿದ ಕೈ ಬಿಟ್ಟರು. "ಎಷ್ಟು?"

"ಅರವತ್ತು ಅಂದೆ. ಯಾಕೆ, ಬೇಡ್ವಾ?"

"ಬೇಡ ಅಂತೀನಾ" ಎಂದರು ಮಾವ. ಆದರೆ ನಗಲಿಲ್ಲ. ಅತ್ತೆ ಎದ್ದು ಹೋದ ಮೇಲೆ ಬಟ್ಟಲಿನ ತಳದಲ್ಲಿ ಉಳಿದಿದ್ದ ಕಾಫಿಯನ್ನು ತಾವೇ ಕುಡಿದು ನೋಡಿ, ಪುಡಿಯ ಡಬ್ಬ ತೆಗೆದು ಮೂಸಿದರು.

ಏಳನೇ ತಿಂಗಳಲ್ಲಿ ಒಂದು ಲಾಟು ವಾಪಸ್ ಬಂತು. ಮುಗ್ಗಲು ಹಿಡಿದಿದೆ ಎಂದು ಕೊಂಡ ಕಂಪನಿಯವರು ಪತ್ರ ಬರೆದಿದ್ದರು. ಅದರ ಹಾಳೆಯಲ್ಲಿ ಅತ್ತೆ ಎಂಬತ್ತು ಹಾಕಿ ಸಹಿ ಮಾಡಿದ್ದಳು, ಸುರ್ರಪ್ಪನವರೂ ಎಂಬತ್ತು ಹಾಕಿ ಸಹಿ ಮಾಡಿದ್ದರು. ಮಾಲೀಕರು, "ಇವರಿಬ್ಬರೂ ಪಾಸ್ ಮಾಡಿದ ಮೇಲೆ ಅದು ಲಾರಿಯಲ್ಲೇ ಕೆಟ್ಟಿರೋದು" ಎಂದು ಲಾರಿಯವರನ್ನು ಬೈದರು. ಬೈಸಿಕೊಂಡ ಡ್ರೈವರು ಗೇಟಿನ ಹತ್ತಿರ ಕೂತಿದ್ದನ್ನು ಅತ್ತೆ ನೋಡಿದಳು. ಅವನನ್ನು ದಾಟಿ ಹೊರಗೆ ಬರಬೇಕಿತ್ತು. ಹಿಂದಿನ ಗೇಟಿನಿಂದ ಸುತ್ತಿಕೊಂಡು ಬಂದಳು. ಸರ್ ಪಾಪ ಒಂದು ದಿನ ತಪ್ಪಿರುತ್ತಾರೆ, ಅವರು ತಪ್ಪಿದ್ದನ್ನು ಹಿಡಿಯಲೆಂದೇ ಎದುರಿಗೆ ಕೂರಿಸಿದ್ದು ತನ್ನನ್ನು ಎಂದುಕೊಂಡಳು. ಅವತ್ತಿನಿಂದ ಆ ಎರಡು ಬಾಗಿಲು ಮುಚ್ಚುವ ಸದ್ದನ್ನು ಅವಳು ಎಣಿಸತೊಡಗಿದಳು. ವಾಸನೆ ಒಳಗೆ ಬರದ ಹಾಗೆ ಕಟ್ಟಿದ ರೂಮನ್ನು, ಈಗ ತನ್ನನ್ನು ಹೊರಗೆ ಬಿಡದ ಹಾಗೆ ಕಟ್ಟಿದ್ದಾರೆ ಅನ್ನಿಸುತ್ತಿತ್ತಂತೆ.

ಮುಂದಿನ ತಿಂಗಳು ಮಾಲೀಕರು ಇಬ್ಬರನ್ನೂ ಕರೆದು ಹೇಳಿದರು. ತಿಂಗಳ ಕೊನೆಗೆ ಸುರ್ರಪ್ಪನವರು ನಿವೃತ್ತಿ. ಅವರ ಜಾಗಕ್ಕೆ ಅತ್ತೆ. ಗುರುವಾರ ಲಾಟು ವಾಪಸ್ ಕಳಿಸಿದ ಕಂಪನಿಯವರು ಮೂವರು ಬರುತ್ತಾರೆ, ಅವರ ಎದುರಿಗೆ ಅತ್ತೆ ಒಬ್ಬಳೇ ನಾಲ್ಕು ಲಾಟು ರುಚಿ ನೋಡಬೇಕು.

"ಒಬ್ಬಳೇನಾ?" ಎಂದಳು ಅತ್ತೆ.

"ಮತ್ತೆ? ಇನ್ಮೇಲೆ ನೀವೇ ತಾನೇ ಎಲ್ಲ. ನಿಮಗೆ ನಾಚಿಕೆ ಯಾಕಮ್ಮ?"

ಬೇಡ ಎನ್ನುವುದಕ್ಕೆ ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಬುಧವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಗೋಡೌನಿನ ಹಿಂದೆ ಖಾಲಿ ಗೋಣಿಚೀಲಗಳ ಮೇಲೆ ಸುರ್ರಪ್ಪನವರು ಒಬ್ಬರೇ ಕೂತಿದ್ದರು. ಅತ್ತೆ ಹೋಗಿ ಎದುರಿಗೆ ನಿಂತು ಒಂದೇ ಉಸಿರಿನಲ್ಲಿ ಹೇಳಿದಳು. ಜ್ವರ, ಹಾಲು, ಡಾಕ್ಟರು, ಹುಬ್ಬು, ಚಮಚ ಎಲ್ಲ. "ನಿಮ್ಮ ಮುಖ ನೋಡಿ ಮಾರ್ಕ್ಸು ಹಾಕಿದೆ ಸರ್. ಎಂಟು ತಿಂಗಳು. ಬೈದುಬಿಡಿ."

ಅವರು ಬೈಯಲಿಲ್ಲ. ಕೈಯಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ. ಮತ್ತೆ ತೆಗೆದು ಹಾಕಿದರು.

"ನನ್ನ ಮುಖಾನಾ?" ಎಂದರು.

"ಹೌದು ಸರ್."

"ಅಯ್ಯೋ ತಂಗೀ" ಎಂದು ಹಣೆಗೆ ಕೈಯಿಟ್ಟುಕೊಂಡರು. "ನಾನು ನಿನ್ನ ಮುಖ ನೋಡ್ತಿದ್ನಲ್ಲೇ!"

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅವರು ಇನ್ನೊಂದು ಸಲ ಹೇಳಿದರು. ವಯಸ್ಸಾದ ಹಾಗೆ ಮೂಗು ಸ್ವಲ್ಪ ಸ್ವಲ್ಪವೇ ಹೋಗಿ, ನಾಲ್ಕು ವರ್ಷದ ಹಿಂದೆ ಪೂರ್ತಿ ನಿಂತಿತ್ತು. ಚೆನ್ನಾಗಿರುವ ಕಾಫಿಯನ್ನು ಅತ್ತೆ ಉಗಿಯುವ ಮೊದಲು ಗೊತ್ತಿಲ್ಲದೇ ಒಂದು ಹನಿ ನುಂಗುತ್ತಾಳೆ, ಗಂಟಲು ಅಲ್ಲಾಡುತ್ತದೆ. ಅದನ್ನು ನೋಡಿ ಬರೆಯುತ್ತಿದ್ದರು. "ನಾಲ್ಕು ವರ್ಷ ನಿನ್ನ ಮೂಗಲ್ಲೇ ಬದುಕಿದೀನಿ. ಈಗ ನೀನು ಬಂದು ಮೂಗೇ ಇಲ್ಲ ಅಂತೀಯ."

"ಹಾಗಾದ್ರೆ ಈ ಎಂಟು ತಿಂಗಳು ಕಾಫಿ ನೋಡಿದ್ಯಾರು ಸರ್?"

ಅತ್ತೆಗೆ ನಗು ಬಂತಂತೆ. ನಗು ಬಂದದ್ದಕ್ಕೆ ಭಯವಾಯಿತಂತೆ. ಎಂಟು ತಿಂಗಳಲ್ಲಿ ಎಷ್ಟು ಲಾರಿ ಹೋಗಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟಳು.

"ನಾನು ಮಾಲೀಕರ ಹತ್ರ ಹೇಳ್ತೀನಿ."

"ಬೇಡ!" ಸುರ್ರಪ್ಪನವರು ಎದ್ದು ನಿಂತರು. "ನೀನು ಹೇಳಿದ್ರೆ ಮುಂದಿನ ಪ್ರಶ್ನೆ ನನಗೇ ಬರುತ್ತೆ. ಅಷ್ಟು ದಿನ ಇಬ್ಬರದ್ದೂ ಹೇಗೆ ಒಂದೇ ಬಂತು ಅಂತ ಕೇಳಲ್ವಾ? ತಿಂಗಳ ಕೊನೆಗೆ ಬೀಳ್ಕೊಡ್ತಾರೆ, ಮೊಮ್ಮಕ್ಕಳು ಬರ್ತಾವೆ. ಅಲ್ಲಿವರೆಗೂ ಬಾಯಿ ಬಿಡಬೇಡ ತಂಗಿ. ನಿನ್ನ ಕಾಲು ಹಿಡ್ಕೊಳ್ಳಲಾ?"

"ಛೆ, ಏನ್ ಸರ್ ಇದು. ನಾಳೆ ಏನು ಮಾಡ್ಲಿ ಹೇಳಿ."

"ಎಲ್ಲದಕ್ಕೂ ಎಂಬತ್ತು ಹಾಕು. ಎಂಬತ್ತಕ್ಕೆ ಯಾರೂ ಜಗಳಕ್ಕೆ ಬರಲ್ಲ."

ಹೀಗೆ, ಬಾಗಿಲು ಹುಡುಕಿಕೊಂಡು ಹೋದವಳು ಇನ್ನೊಂದು ಚಿಲಕ ಹಾಕಿಸಿಕೊಂಡು ಬಂದಳು. ಇಷ್ಟು ದಿನ ಬಚ್ಚಿಡಬೇಕಾದದ್ದು ತನ್ನೊಬ್ಬಳ ಗುಟ್ಟಾಗಿತ್ತು, ಈಗ ಇಬ್ಬರದ್ದು.

ಆ ಸಂಜೆ ಮಾವ ಬಟ್ಟಲು ತಂದು ಇಟ್ಟು, ಎಂದಿನಂತೆ ಒರಗಿ ನಿಂತರು. ಅತ್ತೆ ಒಂದು ಗುಟುಕು ಕುಡಿದಳು. "ಮೂವತ್ತೇಳು" ಎಂದಳು.

ಮಾವ ನೆಲ ನೋಡಿದರು. "ಅದು ಕಾಫಿ ಅಲ್ಲ ಕಣೇ" ಎಂದರು.

"ಅಂದ್ರೆ?"

"ಬಾರ್ಲಿ. ಕಪ್ಪಗೆ ಹುರಿದು ಪುಡಿ ಮಾಡಿದ್ದು. ಶುಕ್ರವಾರದಿಂದ ಅದೇ ಕೊಡ್ತಿದೀನಿ. ಇವತ್ತು ಗೊತ್ತಾಗುತ್ತೆ, ನಾಳೆ ಬೈತೀಯ ಅಂತ ಕಾದೆ."

ನಾನು ಕಿಟಕಿಯ ಆ ಬದಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅತ್ತೆ ಬಟ್ಟಲನ್ನು ಕೆಳಗಿಡಲಿಲ್ಲ. ಎರಡು ಕೈಯಲ್ಲಿ ಹಿಡಿದುಕೊಂಡೇ, "ಯಾವಾಗಿಂದ ಗೊತ್ತು ನಿಮಗೆ?" ಎಂದು ಕೇಳಿದಳು.

"ಅರವತ್ತು ಕೊಟ್ಟ ದಿನ. ಆ ಕಾಫಿಗೆ ನಾನು ಬೆಳಗಿನ ಡಿಕಾಕ್ಷನ್ ಹಾಕಿದ್ದೆ, ಪುಡಿ ಹಳೇದು, ಹಾಲು ಸೀದಿತ್ತು. ಅದಕ್ಕೆ ಅರವತ್ತು ಅಂದ್ರೆ..."

"ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ನೀನು ಹೌದು ಅಂತೀಯ. ಆಮೇಲೆ ಮಾರ್ಕ್ಸು ಹೇಳೋದು ನಿಲ್ಲಿಸ್ತೀಯ." ಮಾವ ಬಟ್ಟೆಯಿಂದ ಒಲೆಕಟ್ಟೆ ಒರೆಸಿದರು, ಅದು ಆಗಲೇ ಒರೆಸಿಯಾಗಿತ್ತು. "ಇಡೀ ದಿನ ಆ ವ್ಯಾನಲ್ಲಿ ಮಕ್ಕಳು ಕಿರುಚೋದು ಕೇಳ್ತೀನಿ. ಸಂಜೆ ನೀನು ಬಂದು ಬೈಯೋದು ಒಂದೇ ನನಗಿರೋದು."

ಶುಕ್ರವಾರದಿಂದ ಬುಧವಾರ ಎಂದರೆ, ಭಾನುವಾರ ಬಿಟ್ಟು, ಐದು ದಿನ. ಆ ಐದು ದಿನವೂ ಐದು ಗಂಟೆಗೇ ಅವಳು ಗೋಡೆಯ ಗಡಿಯಾರ ನೋಡಿದ್ದಳು, ಬಸ್ಸು ನಿಧಾನ ಹೋದರೆ ಸಿಟ್ಟಾಗಿದ್ದಳು, ಮನೆ ತಿರುವಿನಲ್ಲಿ ಹೆಜ್ಜೆ ಬೇಗ ಹಾಕಿದ್ದಳು. ಕಾಫಿ ಇಲ್ಲದ ಕಾಫಿಗೆ. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು. ಅವತ್ತು ಹೇಳಿದ್ದು ಇಷ್ಟೇ: "ಬಾರ್ಲಿಗೆ ಮೂವತ್ತೇಳು ಜಾಸ್ತಿ ಆಯ್ತು." ಹೇಳಿ, ಪೂರ್ತಿ ಕುಡಿದು, ಬಟ್ಟಲು ತಾನೇ ತೊಳೆದಿಟ್ಟಳು.

ಗುರುವಾರ ಹತ್ತು ಗಂಟೆಗೆ ಎರಡೂ ಬಾಗಿಲು ಮುಚ್ಚಿದರು. ಒಳಗೆ ಮಾಲೀಕರು, ಕಂಪನಿಯಿಂದ ಬಂದ ಮೂವರು, ಗೋಡೆಗೆ ಒರಗಿದ ಕುರ್ಚಿಯಲ್ಲಿ ಸುರ್ರಪ್ಪನವರು. ಮೇಜಿನ ಮೇಲೆ ನಾಲ್ಕು ಲಾಟು, ಇಪ್ಪತ್ತು ಕಪ್ಪು. ತೊಳೆಯುವ ಅಕ್ಕ ಬಿಸಿನೀರಿನ ಕೆಟಲ್ ಹಿಡಿದು ಸಾಲಾಗಿ ನೀರು ಹಾಕುತ್ತಾ ಹೋದರು. ನಾಲ್ಕು ನಿಮಿಷ ಕಾಯಬೇಕು. ಆಮೇಲೆ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಮೂಗು ಹತ್ತಿರ ಒಯ್ಯಬೇಕು. ಅತ್ತೆ ಒಯ್ದಳು. ಬಿಸಿ ಹಬೆ ಮುಖಕ್ಕೆ ತಾಗಿತು, ಅಷ್ಟೇ.

ಮೊದಲನೆಯ ಲಾಟಿಗೆ ಎಂಬತ್ತು ಬರೆದಳು. ಎರಡನೆಯದಕ್ಕೆ ಎಂಬತ್ತು. ಸುರ್ರಪ್ಪನವರ ಕಡೆ ನೋಡಿದಳು. ಅವರು ತಮ್ಮ ಚಪ್ಪಲಿ ನೋಡುತ್ತಿದ್ದರು. ಮೂರನೆಯದಕ್ಕೆ ಎಂಬತ್ತು ಬರೆಯಲು ಪೆನ್ಸಿಲ್ ಹಿಡಿದಾಗ ತೊಳೆಯುವ ಅಕ್ಕ ಖಾಲಿ ಕೆಟಲ್ ಹಿಡಿದುಕೊಂಡು ಮೇಜಿನ ಆಚೆಯಿಂದ ಹಾದುಹೋದರು. ಮೂರನೆಯ ಸಾಲಿನ ಹತ್ತಿರ ಬಂದಾಗ ಅವರ ಮೂಗು ಸುಕ್ಕುಗಟ್ಟಿತು. ಗೋಣಿಚೀಲ ಕೊಡವುವಾಗ ಮಾಡುವ ಮುಖ. ಬೇರೆ ಯಾರೂ ಗಮನಿಸಲಿಲ್ಲ. ಮುಖ ಓದುವುದನ್ನು ಎಂಟು ತಿಂಗಳು ಕಲಿತವಳಿಗೆ ಅದು ಸಾಕಾಗಿತ್ತು.

ವಾಪಸ್ ಬಂದ ಲಾಟನ್ನು ಪರೀಕ್ಷೆಗೆಂದು ಕಂಪನಿಯವರು ಮೂರನೆಯ ಸಾಲಿನಲ್ಲಿ ಬೆರೆಸಿ ಇಟ್ಟಿದ್ದಾರೆ ಎಂದು ಅತ್ತೆಗೆ ಆ ಕ್ಷಣವೇ ಗೊತ್ತಾಯಿತು. ಐವತ್ತು ಎಂದು ಬರೆದು, ಪಕ್ಕದಲ್ಲಿ ಮುಗ್ಗಲು ಎಂದು ಬರೆದರೆ ಮುಗಿಯಿತು. ಕುರ್ಚಿ ಅವಳದ್ದೇ. ಪೆನ್ಸಿಲ್ ಐದು ಎನ್ನುವ ಅಂಕಿಯನ್ನು ಬರೆದೂ ಬಿಟ್ಟಿತು. ಆಗ ಅವಳ ಕಣ್ಣ ಮುಂದೆ ಮುಂದಿನ ವರ್ಷಗಳು ಬಂದವು. ಪ್ರತಿದಿನ ಎರಡು ಬಾಗಿಲು ಮುಚ್ಚಿ, ಕಿಟಕಿಯಿಲ್ಲದ ಈ ರೂಮಿನಲ್ಲಿ ಕೂತು, ಈ ಅಕ್ಕನ ಮೂಗು ಯಾವಾಗ ಸುಕ್ಕುಗಟ್ಟುತ್ತದೆ ಎಂದು ಕಾಯುವುದು. ಆ ಅಕ್ಕ ರಜೆ ಹಾಕಿದ ದಿನ ಹೆದರುವುದು. ಸುರ್ರಪ್ಪನವರ ಹಾಗೆ ಮುದುಕಿಯಾಗುವುದು.

ಅವಳು ಚಮಚ ಕೆಳಗಿಟ್ಟಳು.

"ಮೂರನೇದು ಮುಗ್ಗಲು ಹಿಡಿದಿದೆ" ಎಂದಳು. ಕಂಪನಿಯವರಲ್ಲಿ ಒಬ್ಬರು ತಲೆಯಾಡಿಸಿ ನಕ್ಕರು. ಮಾಲೀಕರ ಎದೆ ಒಂದು ಅಂಗುಲ ಉಬ್ಬಿತು.

"ಆದ್ರೆ ಕಂಡುಹಿಡಿದಿದ್ದು ನಾನಲ್ಲ, ಈ ಅಕ್ಕ. ನನಗೆ ಎಂಟು ತಿಂಗಳಿಂದ ವಾಸನೆನೇ ಗೊತ್ತಾಗಲ್ಲ. ಆ ಲಾಟಿಗೆ ನಾನು ಸುಮ್ಮನೆ ಸಹಿ ಹಾಕಿದ್ದು. ಲಾರಿಯವರದ್ದು ತಪ್ಪಿಲ್ಲ."

ತೊಳೆಯುವ ಅಕ್ಕನೇ ಮೊದಲು ಬಾಯಿ ತೆರೆದರು. "ಅಯ್ಯೋ, ನಾನೇನು ಮಾಡಿದ್ನಮ್ಮ? ನಾತ ಬಂದ್ರೆ ಮೂಗು ಮುಚ್ಕೋಬಾರ್ದಾ?"

ಮಾಲೀಕರು ನಿಧಾನವಾಗಿ ಸುರ್ರಪ್ಪನವರ ಕಡೆ ತಿರುಗಿದರು. "ನಿಮಗೂ ಇದು ಗೊತ್ತಿರಲಿಲ್ವಾ?"

ಸುರ್ರಪ್ಪನವರು ಅತ್ತೆಯ ಮುಖ ನೋಡಿದರು. ಅತ್ತೆ ಬಾಗಿಲ ಕಡೆ ನೋಡುತ್ತಿದ್ದಳು. "ನನಗೆ... ಗೊತ್ತಿರಲಿಲ್ಲ" ಎಂದರು. ಅದು ಯಾವ ಪ್ರಶ್ನೆಗೆ ಹೇಳಿದ ಉತ್ತರವೋ, ಮಾಲೀಕರು ತಮಗೆ ಬೇಕಾದ ಹಾಗೆ ತೆಗೆದುಕೊಂಡರು: ಶಿಷ್ಯೆಯನ್ನು ನಂಬಿ ಹಿರಿಯರು ಮೋಸಹೋದರು ಎಂದು.

ಅತ್ತೆಯನ್ನು ಕೆಲಸದಿಂದ ತೆಗೆಯಲಿಲ್ಲ. ಪ್ಯಾಕಿಂಗ್ ಹಾಲಿಗೆ ಹಾಕಿದರು. ಅಲ್ಲಿ ನಲವತ್ತು ಜನ ಸಾಲಾಗಿ ನಿಂತು ಪೊಟ್ಟಣದ ಬಾಯಿಗೆ ಯಂತ್ರ ಒತ್ತುತ್ತಾರೆ. ಹತ್ತೊಂಬತ್ತು ವರ್ಷ ಕೂತು ಕೆಲಸ ಮಾಡಿದವಳು ಈಗ ಇಡೀ ದಿನ ನಿಂತಿರುತ್ತಾಳೆ, ರಾತ್ರಿ ಕಾಲು ಊದುತ್ತದೆ. ನಾಲಿಗೆಯಕ್ಕ ಎಂದು ಈಗ ಯಾರೂ ಕರೆಯುವುದಿಲ್ಲ. ಕರೆದರೂ ಚುಚ್ಚುವುದಕ್ಕೆ. ಅವಳ ಕುರ್ಚಿಯಲ್ಲಿ ತೊಳೆಯುವ ಅಕ್ಕನನ್ನು ಕೂರಿಸಿದ್ದಾರೆ. ಆ ಅಕ್ಕನಿಗೆ ಕಲಿಸುವವರು ಬೇಕಲ್ಲ ಎಂದು ಸುರ್ರಪ್ಪನವರ ನಿವೃತ್ತಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಬೀಳ್ಕೊಡುಗೆ ಇಲ್ಲ, ಮೊಮ್ಮಕ್ಕಳಿಗೆ ಬರಬೇಡಿ ಎಂದು ಹೇಳಿಯಾಗಿದೆ.

ಮನೆಯಲ್ಲಿ ಮಾವ ಮತ್ತೆ ನಿಜವಾದ ಕಾಫಿಯನ್ನೇ ಮಾಡತೊಡಗಿದರು. ಆದರೆ ಬಟ್ಟಲು ಇಟ್ಟ ಕೂಡಲೇ ಹೊರಗೆ ಹೋಗಿ ವ್ಯಾನ್ ಒರೆಸುತ್ತಾ ನಿಲ್ಲುತ್ತಿದ್ದರು. ಮಾರ್ಕ್ಸು ಕೇಳಿದರೆ ಅವಳಿಗೆ ನೋವಾಗುತ್ತದೆಂದು ಅವರು, ಕೇಳದೇ ಹೇಗೆ ಹೇಳುವುದೆಂದು ಇವಳು. ಮೂರು ವಾರ ಅಡುಗೆಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಾಲ್ಕನೇ ಭಾನುವಾರ ಸಂಜೆ ಸುರ್ರಪ್ಪನವರು ಬಂದರು. ಬಾಗಿಲಲ್ಲಿ ನಿಂತು, "ಬರಬಹುದೇನಮ್ಮ ತಂಗಿ?" ಎಂದರು. ಅತ್ತೆ ತನ್ನ ಸ್ಟೂಲನ್ನೇ ಅವರಿಗೆ ಕೊಟ್ಟು, ತಾನು ಕಿಟಕಿ ಕಟ್ಟೆಯ ಮೇಲೆ ಕೂತಳು.

"ನೀನು ಬಾಗಿಲು ತೆಗೆದು ಹೊರಗೆ ಹೋದೆ" ಎಂದರು ಅವರು. "ನನ್ನ ಮೇಲೆ ಮುಚ್ಚಿಕೊಳ್ತು. ಈಗ ಆ ಅಕ್ಕನ ಮುಖ ನೋಡಿ ಬರೀತೀನಿ. ಅವಳಿಗೋ ಮುಖ ಬಿಗಿ ಹಿಡಿಯೋದೇ ಗೊತ್ತಿಲ್ಲ, ಹಾಗಾಗಿ ಒಂದೂ ತಪ್ಪಾಗಲ್ಲ. ಅದೇ ಹಿಂಸೆ."

"ಹೇಳಿಬಿಡಿ ಸರ್."

"ಹೇಳ್ತೀನಿ. ನಾಳೆ ಹೇಳ್ತೀನಿ." ಅವರೇ ತಲೆ ಕೊಡವಿಕೊಂಡರು. "ಪ್ರತಿ ಭಾನುವಾರ ನಾಳೆ ಅಂತೀನಿ."

ಮಾವ ಎರಡು ಬಟ್ಟಲು ಕಾಫಿ ತಂದರು. ಅಂಚಿನವರೆಗೂ ತುಂಬಿ, ತಟ್ಟೆಗೆ ಚೆಲ್ಲಿತ್ತು. ಇಟ್ಟು ಹೊರಗೆ ಹೊರಟರು.

"ನಿಲ್ರೀ" ಎಂದಳು ಅತ್ತೆ. "ಎಲ್ಲಿಗೆ ಓಡ್ತೀರ?"

ಮಾವ ನಿಂತರು. ಸ್ವಲ್ಪ ತಡೆದು ಒಲೆಕಟ್ಟೆಗೆ ಒರಗಿದರು. ಕೈಕಟ್ಟಬೇಕೋ ಬೇಡವೋ ತಿಳಿಯದೆ ಒಂದು ಕೈಯನ್ನು ಮಾತ್ರ ಎದೆಯ ಮೇಲಿಟ್ಟುಕೊಂಡರು. ಅತ್ತೆ ಒಡೆದ ಅಂಚನ್ನು ಆಚೆ ತಿರುಗಿಸಿ, ಎರಡು ಕೈಯಲ್ಲೂ ಬಟ್ಟಲು ಸುತ್ತಿ ಹಿಡಿದು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ತೆರೆದಳು.

"ನಲವತ್ತೊಂದು."

"ಯಾವ ಆಧಾರದ ಮೇಲೆ?" ಎಂದರು ಮಾವ. ಇನ್ನೊಂದು ಕೈಯೂ ಎದೆಯ ಮೇಲೆ ಬಂತು.

"ಬಿಸಿ ಇದೆ. ತುಂಬ ತಂದಿದ್ದೀರ. ಕಾಫಿ ಹಾಕೋ ಮೊದಲೇ ಬಟ್ಟಲನ್ನ ಬಿಸಿನೀರಲ್ಲಿ ಇಟ್ಟಿದ್ರಿ, ಕೈಗೆ ಗೊತ್ತಾಯ್ತು. ತಟ್ಟೆಗೆ ಚೆಲ್ಲಿದ್ದೀರ, ಅದಕ್ಕೆ ಕಳೆದಿದ್ದೀನಿ."

"ಚೆಲ್ಲಿದ್ದಕ್ಕೆ ಐವತ್ತೊಂಬತ್ತು ಯಾರಾದ್ರೂ ಕಳೀತಾರಾ?"

"ನಾನು ಕಳೀತೀನಿ."

ಸುರ್ರಪ್ಪನವರು ತಮ್ಮ ಬಟ್ಟಲು ಎತ್ತಿ, ಅಭ್ಯಾಸ ಬಲದಿಂದ ಅತ್ತೆಯ ಗಂಟಲನ್ನು ನೋಡಿದರು. ಅತ್ತೆ ಅದನ್ನು ಕಂಡು, ಮುಖವನ್ನು ಪೂರ್ತಿ ಕಿಟಕಿಯ ಆಚೆ ತಿರುಗಿಸಿ ಕೂತಳು. ನೋಡಲು ಯಾರ ಮುಖವೂ ಸಿಗದೆ ಅವರು ಬಟ್ಟಲನ್ನೇ ನೋಡಿದರು. ಆಮೇಲೆ ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ ಸುರ್ರನೆ ಎಳೆದು, ಉಗಿಯದೆ ನುಂಗಿದರು.

"ನಂದು ಮೂವತ್ತೈದು" ಎಂದರು.

"ಮೂವತ್ತೈದಾ?" ಅತ್ತೆ ತಿರುಗಿದಳು. "ಸರ್, ನಮ್ಮಿಬ್ಬರ ನಡುವೆ ಆರು ಅಂತರ."

"ಆರು" ಎಂದರು ಸುರ್ರಪ್ಪನವರು. ಅಂತರ ಮೂರು ದಾಟಿದ್ದು ಒಂಬತ್ತು ತಿಂಗಳಲ್ಲಿ ಮೊದಲ ಸಲ.

ನಿಯಮ ಮಾವನಿಗೂ ಗೊತ್ತಿತ್ತು. ಅವರು ಏನೂ ಹೇಳದೆ ಹಾಲಿನ ಪಾತ್ರೆ ತೆಗೆದು ಮತ್ತೆ ಒಲೆ ಹಚ್ಚಿದರು.